ವಾರಂಟಿಗೆ ಅವಸರ, ಆಸ್ತಿ ಪತ್ತೆಗೆ ಆಲಸ್ಯ

ಕೊಪ್ಪಳದ ನ್ಯಾಯಾಲಯದ ಆವರಣದಲ್ಲಾಗಲಿ, ಗಂಗಾವತಿಯ ದಲಾಲಿ ಅಂಗಡಿಯ ಗಾದಿಯ ಮೇಲಾಗಲಿ ಬಾಕಿ ವಸೂಲಿಯ ಮಾತು ಬಂತೆಂದರೆ ಒಂದು ವಾಕ್ಯ ಕಿವಿಗೆ ಬೀಳದೆ ಇರುವುದಿಲ್ಲ: “ಡಿಕ್ರಿ ಅಂದ್ರ ಬರೇ ಹಾಳಿ ನೋಡ್ರಿ.” ಅದರ ಬೆನ್ನಿಗೇ ಇನ್ನೊಂದು: “ಕಾಯ್ದೆ ಎಲ್ಲಾ ಸಾಲಾ ಮಾಡಿದಾವನ ಕಡೀಗದ.” ಮೂರನೆಯದನ್ನು ತುಸು ದನಿ ತಗ್ಗಿಸಿ ಹೇಳುತ್ತಾರೆ: “ಒಂದ್ಸಲ ಒಳಗ ಹಾಕಿಸಿದ್ರ ರೊಕ್ಕ ತಾನ ಬರ್ತದ.” ವಕೀಲರು, ವ್ಯಾಪಾರಿಗಳು, ಪತ್ತಿನ ಸಂಘದ ನಿರ್ದೇಶಕರು, ಕೈಗಡ ಕೊಟ್ಟು ಕೈಸುಟ್ಟುಕೊಂಡ ನಿವೃತ್ತ ನೌಕರರು, ಇವರೆಲ್ಲ ಬೇರೆ ಯಾವ ವಿಷಯದಲ್ಲಿ ಜಗಳಾಡಿದರೂ ಈ ಮೂರು ಮಾತಿನಲ್ಲಿ ಒಂದಾಗುತ್ತಾರೆ. ನನಗೆ ಮೂರರ ಮೇಲೂ ತಕರಾರಿದೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು. ಮೂರನೆಯದು ಈ ಸೀಮೆಯ ಸಂಸಾರಗಳನ್ನು ಒಂದು ಸಾಲದಿಂದ ಎತ್ತಿ ಇನ್ನೊಂದು ಸಾಲಕ್ಕೆ ಒಗೆಯುವ ಮಾತು.

ಮೊದಲನೆಯದರಿಂದಲೇ ಶುರು ಮಾಡೋಣ. ಡಿಕ್ರಿ ಸಿಕ್ಕ ಮೇಲೇ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ನೂರೈವತ್ತು ವರ್ಷಗಳಿಂದ ನಮ್ಮ ವಕೀಲರು, ನ್ಯಾಯಮೂರ್ತಿಗಳು, ಪತ್ರಿಕೆಯವರು ಅದನ್ನೇ ಉರು ಹೊಡೆಯುತ್ತಿದ್ದೇವೆ. ಅದು ಯಾರ ಖಟ್ಲೆಯಲ್ಲಿ ಬಂದ ಮಾತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಿಹಾರದ ದರ್ಭಾಂಗ ರಾಜಮನೆತನದ ಎಸ್ಟೇಟಿನ ಖಟ್ಲೆ ಅದು. ಭಾರೀ ಕುಳಗಳ ವ್ಯವಹಾರ. ಅದಾಗಿ ಮೂರೇ ವರ್ಷಕ್ಕೆ, 1875ರ ಮೇ ತಿಂಗಳಲ್ಲಿ, ಪುಣೆ ಮತ್ತು ಅಹಮದನಗರದ ರೈತರು ಸಾವುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನೂ ಡಿಕ್ರಿಗಳನ್ನೂ ಹೊರಗೆಳೆದು ಸುಟ್ಟರು. ಬರೀ ಕಾಗದವಾಗಿದ್ದರೆ ಅದನ್ನು ಸುಡಲಿಕ್ಕೆ ಅಷ್ಟು ಜನ ಯಾಕೆ ಜೈಲಿಗೆ ಹೋಗಬೇಕಿತ್ತು? ದರ್ಭಾಂಗದಲ್ಲಿ ಹಲ್ಲಿಲ್ಲದ ಡಿಕ್ರಿಗೆ ಪುಣೆಯ ಹಳ್ಳಿಯಲ್ಲಿ ಕೋರೆಹಲ್ಲಿತ್ತು. ಆ ಗಲಭೆಯ ಫಲವಾಗಿ 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಹಣದ ಡಿಕ್ರಿಗಾಗಿ ರೈತನನ್ನು ಬಂಧಿಸುವುದನ್ನೇ ನಿಲ್ಲಿಸಿತು. ಕೊಪ್ಪಳ ಆಗ ನಿಜಾಮನ ಸೀಮೆ. ಆ ಕಾಯ್ದೆ ಇಲ್ಲಿಗೆ ಬರಲಿಲ್ಲ. ಈಗ ನಾವು ಓದುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಹೈದರಾಬಾದ್ ರಾಜ್ಯಕ್ಕೆ ವಿಸ್ತರಣೆಯಾದದ್ದು 1951ರ ಏಪ್ರಿಲ್ 1ಕ್ಕೆ.

ಆ ಸಂಹಿತೆ ಮತ್ತು ಅದರ ಜೊತೆಗಿನ ಕಾಯ್ದೆಗಳು ಸಾಲ ಕೊಟ್ಟವನ ಕೈಗೆ ಏನು ಕೊಟ್ಟಿವೆ ನೋಡಿ. ಡಿಕ್ರಿಗೆ 12 ವರ್ಷ ಆಯುಷ್ಯ. ಕೈಗಡಕ್ಕೆ ದಾವೆ ಹೂಡಲು ಮೂರೇ ವರ್ಷ ಕೊಡುವ ಕಾಯ್ದೆ, ಗೆದ್ದ ಮೇಲೆ ವಸೂಲಿಗೆ ಅದರ ನಾಲ್ಕು ಪಟ್ಟು ಕೊಡುತ್ತದೆ. ಜಮೀನು, ಪ್ಲಾಟು, ಟ್ರ್ಯಾಕ್ಟರು, ಬ್ಯಾಂಕಿನ ಠೇವಣಿ, ನಿಂತ ಬೆಳೆ ಎಲ್ಲವನ್ನೂ ಜಪ್ತಿ ಮಾಡಿಸಬಹುದು. ಸಾಲಗಾರನಿಗೆ ಬೇರೆ ಯಾರಿಂದಲೋ ಹಣ ಬರಬೇಕಿದ್ದರೆ ಅದನ್ನು ನಡುವೆಯೇ ತಡೆದು ನ್ಯಾಯಾಲಯಕ್ಕೆ ಕಟ್ಟಿಸಬಹುದು. ಸಂಬಳ ಹಿಡಿಯಬಹುದು. ದಾವೆ ಮುಗಿಯುವುದರೊಳಗೆ ಆಸ್ತಿ ಪರಭಾರೆ ಮಾಡುವ ಸೂಚನೆಯಿದ್ದರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಬಹುದು. ಕೊಡುವುದನ್ನು ತಪ್ಪಿಸಲೆಂದೇ ಹೆಂಡತಿ ಹೆಸರಿಗೆ, ಭಾವಮೈದುನನ ಹೆಸರಿಗೆ ಬರೆದುಕೊಟ್ಟಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅದನ್ನು ರದ್ದು ಮಾಡಿಸಲು ದಾರಿ ತೆರೆದಿದೆ. ಇಷ್ಟು ಹತಾರಗಳಿರುವವನು ಕಾಯ್ದೆ ಎದುರಿನವನ ಕಡೆಗಿದೆ ಎಂದು ಗೋಳಾಡಿದರೆ ನಂಬುವುದು ಹೇಗೆ?

“ಆದರ 60ನೇ ಕಲಂ ಐತಲ್ರೀ, ಏನೂ ಮುಟ್ಟಂಗಿಲ್ಲ” ಎನ್ನುತ್ತಾರೆ. ಸಂಹಿತೆಯ ಆ ಕಲಮನ್ನು ಕುಷ್ಟಗಿ ಕಡೆಯ ಒಂದು ಮನೆಯ ಹೊಸ್ತಿಲಲ್ಲಿ ನಿಂತು ಓದೋಣ. ಬೇಲಿಫ್ ಬಂದಿದ್ದಾನೆ. ಹೊತ್ತು ಮುಳುಗಿದ ಮೇಲೆ ಅವನು ಮನೆಯೊಳಗೆ ಕಾಲಿಡುವಂತಿಲ್ಲ, ಹಾಗಾಗಿ ಮಧ್ಯಾಹ್ನವೇ ಬಂದಿದ್ದಾನೆ. ಜೊತೆಗೆ ಪಂಚರು ಇಬ್ಬರು, ಕಂಕುಳಲ್ಲಿ ಪಂಚನಾಮೆಯ ಹಾಳೆ. ಮುಟ್ಟಬಾರದ್ದು ಇಷ್ಟು: ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಹೆಣ್ಣುಮಗಳ ಕೊರಳಿನ ತಾಳಿ, ಬಡಿಗನ ಉಳಿ-ಬಾಚಿ, ರೈತನ ನೇಗಿಲು ಕುಂಟೆ, ನ್ಯಾಯಾಲಯ ಅವಶ್ಯ ಎಂದುಕೊಂಡಷ್ಟು ಎತ್ತು ಮತ್ತು ಬಿತ್ತನೆ ಬೀಜ, ರೈತನೋ ಕೂಲಿಯವನೋ ತಾನು ವಾಸವಿರುವ ಸ್ವಂತ ಮನೆ. ಇಷ್ಟೇ ಇರುವವನ ಮನೆಯಲ್ಲಿ ನಿಮ್ಮ ಐದು ಲಕ್ಷ ಅಡಗಿಲ್ಲ. ಇದಕ್ಕಿಂತ ಹೆಚ್ಚು ಇರುವವನಿಗೆ 60ನೇ ಕಲಂ ಅಡ್ಡ ಬರುವುದಿಲ್ಲ. ಅವನ ಬುಲೆಟ್ ಗಾಡಿಯನ್ನೂ ಟ್ರ್ಯಾಕ್ಟರನ್ನೂ ಬರೆದುಕೊಳ್ಳಬಹುದು. ಜಮೀನಂತೂ ಆ ಪಟ್ಟಿಯಲ್ಲೇ ಇಲ್ಲ. ಯಲಬುರ್ಗಾದ ಎರೆಹೊಲದಲ್ಲಿ ಕಡಲೆ ಬೆಳೆಯುವವನ ನಾಲ್ಕು ಎಕರೆ ಜಪ್ತಿಯಾಗುತ್ತದೆ, ಹೊಲದ ಬದುವಿನಲ್ಲಿ ಡಂಗುರ ಹೊಡೆಯುತ್ತಾರೆ, ಪ್ರತಿಯನ್ನು ಹೊಲಕ್ಕೂ ನ್ಯಾಯಾಲಯಕ್ಕೂ ಪಂಚಾಯ್ತಿ ಕಚೇರಿಗೂ ಅಂಟಿಸುತ್ತಾರೆ. ಊರೊಳಗಿನವನ ಹೊಲಕ್ಕೆ ಊರವರು ಲಿಲಾವು ಕೂಗಲು ಹಿಂಜರಿಯುತ್ತಾರೆ. ಆಗ ಡಿಕ್ರಿದಾರನೇ ನ್ಯಾಯಾಲಯದ ಅಪ್ಪಣೆ ಪಡೆದು ಕೂಗಿ, ಬೆಲೆಯನ್ನು ತನ್ನ ಬಾಕಿಗೆ ವಜಾ ಹಾಕಿಕೊಳ್ಳಬಹುದು. ಬಾಕಿಗೆ ಬೇಕಾದಷ್ಟೇ ಭಾಗ ಮಾರಬೇಕು, ಒಂದೂವರೆ ಎಕರೆಯಲ್ಲಿ ಮುಗಿಯುವುದಕ್ಕೆ ನಾಲ್ಕು ಎಕರೆ ಹರಾಜಿಗೆ ಇಡಬಾರದು ಎಂಬ ನಿಯಮವಿದೆ ನಿಜ. ಅದನ್ನು ಎತ್ತಿ ಹೇಳಬೇಕಾದವನು ಹರಾಜಿನ ದಿನ ವಕೀಲನ ಫೀಸಿಲ್ಲದೆ ಮನೆಯಲ್ಲಿ ಕೂತಿರುತ್ತಾನೆ.

ಕಾಯ್ದೆ ಸಾಲಗಾರನ ಕಡೆಗಿದೆ ಎನ್ನುವವರು ಸಂಹಿತೆಯ 21ನೇ ಆದೇಶದ 2ನೇ ನಿಯಮವನ್ನು ಒಮ್ಮೆ ಓದಬೇಕು. ಡಿಕ್ರಿ ಆದ ಮೇಲೆ ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು ನ್ಯಾಯಾಲಯದಲ್ಲಿ ದಾಖಲಿಸದಿದ್ದರೆ, ಅಮಲ್‌ಜಾರಿ ನಡೆಸುವ ನ್ಯಾಯಾಲಯ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದಾಖಲಿಸಿ ಎಂದು ಸಾಲಗಾರ ಅರ್ಜಿ ಹಾಕಲು ಇರುವ ಅವಧಿ 30 ದಿನ. ನಮ್ಮ ಕಡೆ ಹಣ ಹೇಗೆ ಕೈ ಬದಲಾಯಿಸುತ್ತದೆಂದು ಗೊತ್ತಿದ್ದವರಿಗೆ ಇದರ ಪೆಟ್ಟು ಅರ್ಥವಾಗುತ್ತದೆ. ಸುಗ್ಗಿಯಲ್ಲಿ ಭತ್ತ ತೂಗಿದ ದಿನವೇ ಸಾಲಗಾರ ದಲಾಲಿ ಅಂಗಡಿಯಲ್ಲಿ ಎಂಬತ್ತು ಸಾವಿರ ಎಣಿಸಿ ಕೊಡುತ್ತಾನೆ. ಸಾವುಕಾರ ತನ್ನ ಚೋಪಡಿಯಲ್ಲಿ ಬರೆದುಕೊಂಡು “ಆತು ಹೋಗಪಾ, ಉಳಿದದ್ದು ಬರೋ ಸುಗ್ಗಿಗೆ ನೋಡೋಣು” ಅನ್ನುತ್ತಾನೆ. ರಸೀದಿ ಕೇಳುವುದು ಅವಮಾನ ಮಾಡಿದ ಹಾಗೆ. ಎರಡು ವರ್ಷ ಬಿಟ್ಟು ಪೂರ್ತಿ ಮೊತ್ತಕ್ಕೆ ಅಮಲ್‌ಜಾರಿ ಅರ್ಜಿ ಬರುತ್ತದೆ. ಚೋಪಡಿ ಸಾವುಕಾರನ ಕಪಾಟಿನಲ್ಲಿ. ಸಾಲಗಾರನ ಬಾಯಿಮಾತನ್ನು ಕೇಳಲು ನ್ಯಾಯಾಧೀಶರಿಗೆ ಮನಸ್ಸಿದ್ದರೂ ನಿಯಮ ಬಿಡುವುದಿಲ್ಲ.

ಇನ್ನು ಆ ಮೂರನೇ ಮಾತು, ಜೈಲಿನದು. ಹಣದ ಡಿಕ್ರಿಯ ಅಮಲ್‌ಜಾರಿಗೆ ಬಂದವರು ಎಷ್ಟೋ ಸಲ ಮೊದಲು ಕೇಳುವುದೇ ಬಂಧನದ ವಾರಂಟು. ಸಾಲಗಾರನ ಹೆಸರಲ್ಲಿ ಏನಿದೆ, ಎಲ್ಲಿದೆ ಎಂದು ಹುಡುಕುವ ತ್ರಾಸು ಯಾರಿಗೆ ಬೇಕು? ಸಂಹಿತೆಯ 51ನೇ ಕಲಮಿಗೆ 1936ರಲ್ಲಿ ಸೇರಿದ ಷರತ್ತು ಬಹಳ ಸ್ಪಷ್ಟ: ಕೊಡುವ ತ್ರಾಣವಿದ್ದೂ ಕೊಡದವನನ್ನು, ಆಸ್ತಿ ಮುಚ್ಚಿಟ್ಟವನನ್ನು, ಪರಾರಿಯಾಗಲು ಹೊರಟವನನ್ನು, ಹೀಗೆ ಇಂಥವರನ್ನು ಮಾತ್ರ ಒಳಗೆ ಹಾಕಬಹುದು, ಅದೂ ಕಾರಣ ಬರೆದು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನೇ ಸಂವಿಧಾನದ 21ನೇ ವಿಧಿಯ ಮಟ್ಟಕ್ಕೆ ಏರಿಸಿದರು. ಕೊಟ್ಟಿಲ್ಲ ಎಂಬುದಷ್ಟೇ ಸಾಲದು, ಕೊಡಬಾರದೆಂಬ ಕೆಟ್ಟ ಮನಸ್ಸು ಕಾಣಬೇಕು, ಬಡತನ ಅಪರಾಧವಲ್ಲ. ಇದು ಗೊತ್ತಿಲ್ಲದ ವಕೀಲರಿಲ್ಲ. ಆದರೂ ಅರ್ಜಿಯಲ್ಲಿ “ಋಣಿಗೆ ಸಾಕಷ್ಟು ತ್ರಾಣವಿದ್ದರೂ ಬೇಕಂತಲೇ ಕೊಡುತ್ತಿಲ್ಲ” ಎಂಬ ಒಂದು ಸಾಲು ಎಲ್ಲ ಅರ್ಜಿಗಳಲ್ಲೂ ಒಂದೇ ಅಚ್ಚಿನಲ್ಲಿ ಕೂತಿರುತ್ತದೆ. ಯಾವ ತ್ರಾಣ, ಎಷ್ಟು, ಎಲ್ಲಿ ಎಂಬುದಕ್ಕೆ ಕೆಳಗೆ ಒಂದು ಸರ್ವೆ ನಂಬರೂ ಇರುವುದಿಲ್ಲ.

ಜೈಲಿಗೆ ಹಾಕಿಸಿದರೆ ಸಿಗುವುದೇನು? ಐದು ಸಾವಿರ ಮೀರಿದ ಡಿಕ್ರಿಗೆ ಹೆಚ್ಚೆಂದರೆ ಮೂರು ತಿಂಗಳು. ಅಷ್ಟೂ ದಿನ ಅವನ ಊಟದ ಭತ್ಯೆಯನ್ನು ಮುಂಗಡವಾಗಿ ಕಟ್ಟಬೇಕಾದವನು ಹಾಕಿಸಿದವನೇ. ಹೊರಗೆ ಬಂದ ಮೇಲೆ ಸಾಲ ಹಾಗೇ ಇರುತ್ತದೆ, ಆದರೆ ಅದೇ ಡಿಕ್ರಿಗೆ ಅವನನ್ನು ಮತ್ತೆ ಬಂಧಿಸುವಂತಿಲ್ಲ. ಹೆಣ್ಣುಮಕ್ಕಳನ್ನು ಹಣದ ಡಿಕ್ರಿಗೆ ಬಂಧಿಸುವಂತೆಯೇ ಇಲ್ಲ. ವ್ಯವಹಾರ ಬಲ್ಲವನಿಗೆ ಇದು ಲಾಭದ ಬಾಬ್ತಲ್ಲ, ಮತ್ತೆ ಯಾಕೆ ಇದೇ ಬೇಕು? ಯಾಕೆಂದರೆ ಜೈಲು ಬೇಕಿಲ್ಲ, ಜೈಲಿನ ಅಂಜಿಕೆ ಬೇಕು. ಬೇಲಿಫ್ ವಾರಂಟು ಹಿಡಿದು ಓಣಿಗೆ ಬಂದ ಸುದ್ದಿ ಕೇಳಿ ರೊಕ್ಕ ಹೊರಗೆ ಬರುವುದು ನಿಜ. ಎಲ್ಲಿಂದ ಬರುತ್ತದೆ ಎಂದು ಕೇಳುವವರಿಲ್ಲ. ಅಕ್ಕನ ಬಂಗಾರ ಅಡವಿಗೆ ಹೋಗುತ್ತದೆ, ಹೆಂಡತಿ ಹೆಸರಲ್ಲಿ ಮೈಕ್ರೋ ಫೈನಾನ್ಸಿನ ಇನ್ನೊಂದು ಕಂತು ಏಳುತ್ತದೆ, ಮೀಟರ್ ಬಡ್ಡಿಯವನು ವಾರದ ಲೆಕ್ಕದಲ್ಲಿ ಕೊಡುತ್ತಾನೆ. ನ್ಯಾಯಾಲಯದ ದಫ್ತರದಲ್ಲಿ ಒಂದು ಸಾಲ ತೀರಿತು. ಆ ಮನೆಯಲ್ಲಿ ಶೇಕಡಾ 6ರ ಡಿಕ್ರಿ ಬಡ್ಡಿ ಹೋಗಿ ಅದರ ಹತ್ತು ಪಟ್ಟಿನದು ಬಂದು ಕೂತಿತು. 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಾಗ, ಹತ್ತು ವರ್ಷದವರೆಗಿನ ಶಿಕ್ಷೆಯ ಮಾತಾಡಿದಾಗ, ಎಲ್ಲರೂ ಬೈದದ್ದು ಬಾಗಿಲಿಗೆ ಬಂದು ಕೂರುವ ವಸೂಲಿ ಹುಡುಗರನ್ನು. ಆ ಬಾಗಿಲಿಗೆ ಅವರನ್ನು ಕಳಿಸಿದ ಹಳೆಯ ಬಾಕಿಗಳಲ್ಲಿ ವಿಚಾರಣೆಯಿಲ್ಲದೆ ಹೊರಟ ವಾರಂಟಿನ ಪಾಲೂ ಇದೆ.

ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ಸಾಲ ಕೊಟ್ಟವನೆಂದರೆ ಬಡ್ಡಿ ಸಾವುಕಾರ, ತಗೊಂಡವನೆಂದರೆ ಬಡಪಾಯಿ ರೈತ ಎಂಬ ಚಿತ್ರವೂ ಅಷ್ಟೇ ಸುಳ್ಳು. ಸಾಲಮನ್ನಾದ ಭಾಷಣ ಮಾಡುವವರಿಗೆ ಅದು ಅನುಕೂಲ, ಅಷ್ಟೆ. ತುಂಗಭದ್ರಾ ಎಡದಂಡೆಯ ಕಾಲುವೆ ಕೆಳಗಿನ ರೈತ ಭತ್ತವನ್ನು ಉದ್ದರಿ ಕೊಟ್ಟು ವ್ಯಾಪಾರಿಯ ಹಿಂದೆ ತಿಂಗಳುಗಟ್ಟಲೆ ಅಲೆಯುತ್ತಾನೆ. ಅಲ್ಲಿ ಸಾಲ ಕೊಟ್ಟವನು ರೈತನೇ. ಜೀವನಾಂಶದ ಆದೇಶ ಹಿಡಿದು ನಿಂತ ಹೆಣ್ಣುಮಗಳೂ ಡಿಕ್ರಿದಾರಳೇ. ಕಾಯ್ದೆ ಅವಳ ಕಷ್ಟ ತಿಳಿದೇ ಜೀವನಾಂಶಕ್ಕೆ ಗಂಡನ ಸಂಬಳದ ಮೂರನೇ ಎರಡು ಪಾಲಿನವರೆಗೆ ಜಪ್ತಿಗೆ ಬಿಟ್ಟಿದೆ. ಇಂಥವರ ಡಿಕ್ರಿ ನಿಜಕ್ಕೂ ಕಾಗದವಾಗಿ ಉಳಿಯುತ್ತದೆ. ಮೊದಲ ಮಾತು ಅರ್ಧ ನಿಜ ಎಂದದ್ದು ಇದಕ್ಕೇ.

ಹಾಗಾದರೆ ಯಾರಿಂದ ವಸೂಲಾಗುತ್ತದೆ? ಕಣ್ಣಿಗೆ ಕಾಣುವವನಿಂದ. ನಮ್ಮ ತಾಲ್ಲೂಕುಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಣುವವನು ಸರ್ಕಾರಿ ಸಂಬಳದವನು. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದ ಶಾಲೆಯ ಮಾಸ್ತರು. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಸಾಲಗಾರನನ್ನು ಹಿಡಿಯಬೇಕೆಂಬ ಕಟ್ಟುಪಾಡಿಲ್ಲ. ಕಾಯ್ದೆ ಲೆಕ್ಕಕ್ಕೆ ಹಿಡಿಯುವ ಸಂಬಳ 60,000 ಎಂದಿಟ್ಟುಕೊಳ್ಳಿ. ಮೊದಲ ಸಾವಿರ ಬಿಟ್ಟು, ಉಳಿದ 59,000ದ ಮೂರನೇ ಒಂದು ಪಾಲು, ಅಂದರೆ ತಿಂಗಳಿಗೆ 19,666 ರೂಪಾಯಿ, ಬಟವಾಡೆ ಅಧಿಕಾರಿಯ ಕೈಯಿಂದ ನೇರ ನ್ಯಾಯಾಲಯಕ್ಕೆ. 24 ತಿಂಗಳಲ್ಲಿ 4 ಲಕ್ಷ 72 ಸಾವಿರದ ಹತ್ತಿರ. ಆಮೇಲೆ ಆ ಡಿಕ್ರಿಗೆ ಆ ಸಂಬಳ ಮುಟ್ಟುವಂತಿಲ್ಲ. ಮುಟ್ಟುವ ಅಗತ್ಯವೂ ಉಳಿದಿರುವುದಿಲ್ಲ. ಸಾಲ ಮಾಡಿ ಮನೆ ಕಟ್ಟಿದ ಗೆಳೆಯ ಗವಿಮಠದ ಜಾತ್ರೆಯಲ್ಲಿ ಎದುರಾದರೆ “ಏನ್ ಮಾಸ್ತರ, ಆರಾಮೇನು” ಎಂದು ಕೈ ಕುಲುಕುತ್ತಾನೆ. ಕಾಯ್ದೆ ಸಾಲಗಾರನ ಕಡೆಗಿದೆ ಎಂಬ ಮಾತು ಈ ಮಾಸ್ತರ ಬಾಯಲ್ಲಿ ಬಂದರೆ ಒಪ್ಪುತ್ತೇನೆ, ಡಿಕ್ರಿದಾರನ ಬಾಯಲ್ಲಿ ಬಂದರೆ ಒಪ್ಪಲಾರೆ.

ತ್ರಾಣವಿದ್ದವನ ಆಸ್ತಿ ಮುಟ್ಟಿದರೆ ಎಷ್ಟು ಬೇಗ ಹಣ ಬರುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ, ಸರ್ಕಾರವನ್ನೇ ನೋಡಿ. ಅಪಘಾತ ಪರಿಹಾರ ಕೊಡದ ಸಾರಿಗೆ ಸಂಸ್ಥೆಯ ಬಸ್ಸನ್ನು ನಿಲ್ದಾಣದಲ್ಲೇ ಜಪ್ತಿ ಮಾಡಿದ ಸುದ್ದಿ, ಭೂಸ್ವಾಧೀನದ ಪರಿಹಾರ ಕೊಡದ ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಹೊತ್ತು ತಂದ ಸುದ್ದಿ ಕರ್ನಾಟಕದ ಪತ್ರಿಕೆಗಳಿಗೆ ಹೊಸದಲ್ಲ. ಸಂಹಿತೆಯ 82ನೇ ಕಲಂ ಸರ್ಕಾರಕ್ಕೆ ಮೂರು ತಿಂಗಳ ವಿಶೇಷ ಸವಲತ್ತು ಕೊಟ್ಟಿದೆ. ಸಾಲಗಾರನ ಪರ ಕಾಯ್ದೆ ಎಂದು ಹುಡುಕುವವರಿಗೆ ನಿಜವಾದ ಉದಾಹರಣೆ ಸಿಗುವುದು ಅಲ್ಲಿ. ಕೊಪ್ಪಳ ಜಿಲ್ಲೆಯಲ್ಲಿ ಕಾಲುವೆಗೆ, ಏತ ನೀರಾವರಿಗೆ, ಕುಷ್ಟಗಿ-ಯಲಬುರ್ಗಾ ಹಾಯುವ ಗದಗ-ವಾಡಿ ರೈಲು ಮಾರ್ಗಕ್ಕೆ ಜಮೀನು ಕೊಟ್ಟವರಿದ್ದಾರೆ. ಹೆಚ್ಚಿನ ಪರಿಹಾರಕ್ಕೆ ನ್ಯಾಯಾಲಯ ಹತ್ತಿದ ರೈತ ಗೆದ್ದ ಮೇಲೆ ಅಮಲ್‌ಜಾರಿಗೂ ಹತ್ತಬೇಕು. ಆದರೆ ಜೀಪಿಗೆ ಜಪ್ತಿ ಚೀಟಿ ಅಂಟಿದ ದಿನವೇ ಅಧಿಕಾರಿಗಳು ಕಾಲಾವಕಾಶ ಕೇಳುತ್ತ ನ್ಯಾಯಾಲಯಕ್ಕೆ ಓಡುತ್ತಾರೆ. ಯಾವ ಅಧಿಕಾರಿಯನ್ನೂ ಬಂಧಿಸಬೇಕಾಗುವುದಿಲ್ಲ.

ಗಂಗಾವತಿಯ ದೊಡ್ಡ ವ್ಯಾಪಾರಿಗೆ ಇದೇ ಪದ್ಧತಿ ಯಾಕೆ ಅನ್ವಯಿಸುವುದಿಲ್ಲ? ಅವನ ಗೋದಾಮಿನ ದಾಸ್ತಾನು ಪಾಲುದಾರನ ಹೆಸರಲ್ಲಿ, ಲಾರಿ ಅಳಿಯನ ಹೆಸರಲ್ಲಿ, ಪ್ಲಾಟು ಹೊಸಪೇಟೆಯಲ್ಲಿ. ಹುಡುಕುವುದು ಅಸಾಧ್ಯವೇನಲ್ಲ. ಪಹಣಿ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ಋಣಭಾರ ಪತ್ರ ಉಪನೋಂದಣಿ ಕಚೇರಿಯಲ್ಲಿ, ವಾಹನದ ದಾಖಲೆ ಸಾರಿಗೆ ಕಚೇರಿಯಲ್ಲಿ, ವ್ಯಾಪಾರದ ಲೈಸೆನ್ಸು ಎಪಿಎಂಸಿಯಲ್ಲಿ. ಜಮೀನು ಒಟ್ಟು ಕುಟುಂಬದ್ದು, ವಾಟ್ನಿ ಆಗಿಲ್ಲ ಎಂದು ತಮ್ಮಂದಿರು ತಕರಾರು ತೆಗೆಯುತ್ತಾರೆ, ಅದು ವರ್ಷಗಟ್ಟಲೆ ಎಳೆಯುತ್ತದೆ, ನಿಜ. ಆದರೂ ಅವಿಭಕ್ತ ಆಸ್ತಿಯಲ್ಲಿ ಅವನ ಪಾಲನ್ನು ಜಪ್ತಿ ಮಾಡಿಸಲು ಅಡ್ಡಿಯಿಲ್ಲ. ಇದೆಲ್ಲಕ್ಕಿಂತ ಸುಲಭದ ದಾರಿ ಸಂಹಿತೆಯಲ್ಲೇ ಇದೆ. 21ನೇ ಆದೇಶದ 41ನೇ ನಿಯಮ: ಹಣದ ಡಿಕ್ರಿ 30 ದಿನ ತೀರದೆ ಉಳಿದರೆ ಸಾಲಗಾರ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದ ಮೇಲೆ ಕೊಡಬೇಕೆಂದು ಆದೇಶ ಕೇಳಬಹುದು. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. 1976ರಿಂದ ಇದು ಪುಸ್ತಕದಲ್ಲಿದೆ. ಸಾಲಗಾರನನ್ನು ಕಟಕಟೆಗೆ ಕರೆದು ನಿನಗೆ ಯಾರಿಂದ ಎಷ್ಟು ಬರಬೇಕಿದೆ ಎಂದು ಪ್ರಮಾಣದ ಮೇಲೆ ಕೇಳುವ ಅಧಿಕಾರವೂ ಅದೇ ನಿಯಮದಲ್ಲಿದೆ. ವಾರಂಟಿನ ಅರ್ಜಿ ಟೈಪು ಮಾಡುವ ಹೊತ್ತಿನಲ್ಲೇ ಇದನ್ನೂ ಟೈಪು ಮಾಡಬಹುದು.

ದೊಡ್ಡ ನ್ಯಾಯಾಲಯಗಳ ಕಾಳಜಿ ಬೇರೆ ಕಡೆಗಿದೆ: ವೇಗ. 2021ರ ಏಪ್ರಿಲ್‌ನಲ್ಲಿ ರಾಹುಲ್ ಎಸ್. ಶಾ ಪ್ರಕರಣದಲ್ಲಿ, ಅದು ಬೆಂಗಳೂರಿನ ಜಾಗವೊಂದರ ಹಳೇ ಖಟ್ಲೆ, ಸುಪ್ರೀಂ ಕೋರ್ಟು ಅಮಲ್‌ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದಿತು. 2025ರ ಮಾರ್ಚಿನಲ್ಲಿ ಪೆರಿಯಮ್ಮಾಳ್ ಪ್ರಕರಣದಲ್ಲಿ ಅದನ್ನೇ ಗದರಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಲೆಕ್ಕ ತೆಗೆದರೆ ದೇಶದಲ್ಲಿ 8.82 ಲಕ್ಷ ಅರ್ಜಿ ಬಾಕಿ. ಕರ್ನಾಟಕ ಹೈಕೋರ್ಟಿನಿಂದ ಲೆಕ್ಕವೇ ಬಂದಿರಲಿಲ್ಲ, ಕಾರಣ ಕೇಳಬೇಕಾಯಿತು. ಈಗ ಎಲ್ಲರ ಬಾಯಲ್ಲೂ ಆರು ತಿಂಗಳಿನದೇ ಮಾತು. ಆರು ತಿಂಗಳಲ್ಲಿ ಅರ್ಜಿ ಮುಗಿಸುವುದು ಕಷ್ಟವಲ್ಲ. ಡಿಕ್ರಿದಾರ ಮುಂದಿನ ಕ್ರಮ ಕೈಗೊಂಡಿಲ್ಲ ಎಂದು ಬರೆದು ವಜಾ ಮಾಡಿದರೆ ಮುಗಿಯಿತು. 12 ವರ್ಷದ ಅವಧಿ ಇದೆಯಲ್ಲ, ಅವನು ಹೊಸ ನಂಬರಿನಲ್ಲಿ ಮತ್ತೆ ಬರುತ್ತಾನೆ. ವಿಲೇವಾರಿಯ ಲೆಕ್ಕದಲ್ಲಿ ಒಂದೇ ಬಾಕಿ ಎರಡು ಸಲ, ಮೂರು ಸಲ ಮುಗಿಯುತ್ತದೆ. ಎಷ್ಟು ರೂಪಾಯಿ ವಸೂಲಾಯಿತು, ಯಾರಿಂದ, ಯಾವ ದಾರಿಯಲ್ಲಿ ಎಂಬ ಅಂಕಣ ಆ ಲೆಕ್ಕಪಟ್ಟಿಯಲ್ಲಿ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇನ್ನು ಅವಸರಕ್ಕೆ ಬಿದ್ದ ನ್ಯಾಯಾಲಯಕ್ಕೆ ಅತಿ ಬೇಗ ಫಲ ಕೊಡುವುದು ಯಾವುದು? ಅದೇ ವಾರಂಟು, ಅದೇ ಮಾಸ್ತರ ಸಂಬಳ.

ರಾಹುಲ್ ಶಾ ತೀರ್ಪಿನಲ್ಲಿ ಇನ್ನೊಂದು ಸೂಚನೆಯಿದೆ, ಅದನ್ನು ಯಾರೂ ಉದ್ಧರಿಸುವುದಿಲ್ಲ. ಹಣದ ದಾವೆಯಲ್ಲಿ ವಿವಾದಾಂಶಗಳನ್ನು ರೂಪಿಸುವ ಮುಂಚೆಯೇ, ಪ್ರತಿವಾದಿ ತನ್ನ ಹೊಣೆಯ ಮಟ್ಟಿಗೆ ಆಸ್ತಿಯನ್ನು ಪ್ರಮಾಣದ ಮೇಲೆ ಹೇಳಬೇಕೆಂದು ಕೇಳಬಹುದು. ದಾವೆಯ ಯಾವುದೇ ಹಂತದಲ್ಲಿ, ತಕ್ಕ ಪ್ರಕರಣವಾದರೆ, ಭದ್ರತೆ ಕೇಳಬಹುದು. ಆಸ್ತಿ ಕರಗುವುದು ದಾವೆ ನಡೆಯುವ ನಾಲ್ಕೈದು ವರ್ಷಗಳಲ್ಲಿ. ಅಷ್ಟೂ ವರ್ಷ ಸುಮ್ಮನಿದ್ದು ಡಿಕ್ರಿ ಆದ ಮರುದಿನ “ಏನೂ ಸಿಗೂದಿಲ್ರೀ” ಎನ್ನುವವನು ಕಾಯ್ದೆಯನ್ನು ಬೈಯುವ ಮುಂಚೆ ತನ್ನ ವಕೀಲರನ್ನು ಎರಡು ಪ್ರಶ್ನೆ ಕೇಳಲಿ: ದಾವೆ ಹೂಡಿದ ದಿನ ಎದುರಿನವನ ಪಹಣಿ ತೆಗೆಸಿದ್ದಿರಾ? ಆಸ್ತಿ ವಿವರಕ್ಕೆ ಅರ್ಜಿ ಹಾಕಿದ್ದಿರಾ? ಹಾಕಿ, ಎದುರಿನವನು ವಿವರ ಕೊಡದೆ ಸತಾಯಿಸಿದ್ದರೆ, ಅಂಥವನನ್ನು ಮೂರು ತಿಂಗಳು ಒಳಗೆ ಕೂರಿಸಲು ನನ್ನ ಆಕ್ಷೇಪವಿಲ್ಲ. ಅವನ ಊಟದ ಭತ್ಯೆ ಕಟ್ಟುವುದಕ್ಕೂ ಅರ್ಥವಿರುತ್ತದೆ.